ಶುಕ್ರವಾರದ ಮನೆ ಪ್ರಾರ್ಥನೆ: ಈ ಸಲ ಬೋಂಡ ಬೇಡ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ಈ ಶುಕ್ರವಾರ ಸಂಜೆ 7ಕ್ಕೆ ನಮ್ಮ ಏರಿಯಾದ ಕುಟುಂಬ ಪ್ರಾರ್ಥನೆ. ನೀರಿನ ಟ್ಯಾಂಕ್ ಎದುರಿನ ಮನೆ, ಎರಡನೇ ಮಹಡಿ.

ಓದುವ ಭಾಗ ಲೂಕ 10:38-42, ಮಾರ್ಥ ಮತ್ತು ಮರಿಯ ಎಂಬ ಸಹೋದರಿಯರ ಕಥೆ: ಮನೆಗೆ ಬಂದ ಯೇಸುವಿನ ಮಾತು ಕೇಳುತ್ತಾ ಮರಿಯ ಕೂತಳು, ಮಾರ್ಥ ಉಪಚಾರದಲ್ಲೇ ಮುಳುಗಿದಳು. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ಕೂಟ ನಮ್ಮ ಮನೆಯಲ್ಲಿತ್ತಲ್ವಾ, ನಾನು ಪೂರ್ತಿ ಹೊತ್ತು ಬಾಣಲೆ ಮುಂದೆಯೇ ಇದ್ದೆ. ಈರುಳ್ಳಿ ಬೋಂಡ ಚೆನ್ನಾಗಿತ್ತು ಅಂದಿರಿ, ಸಂತೋಷ. ಆದರೆ ನನಗೆ ಕೇಳಿಸಿದ್ದು ಕೊನೆಯ ಆಮೆನ್ ಮಾತ್ರ. "ನೀನು ಸುಮ್ನೆ ಕೂತಿದ್ದೀಯಲ್ಲ, ಬಂದು ತಟ್ಟೆ ಜೋಡಿಸು" ಅಂತ ಮಗಳ ಮೇಲೆ ರೇಗಿದ್ದೂ ಆಯಿತು. ಮರಿಯ ಸಹಾಯಕ್ಕೆ ಬರುತ್ತಿಲ್ಲ ಎಂಬ ಮಾರ್ಥಳ ದೂರೂ ಇದೇ ತಾನೇ!

ಹಾಗಂತ ಮಾರ್ಥಳನ್ನು ಬೈಯುವುದು ಬೇಡ. ಅವರ ಸಹೋದರ ಲಾಜರ ತೀರಿಕೊಂಡಾಗ ಯೇಸು ಬರುತ್ತಿದ್ದಾನೆಂದು ಕೇಳಿ ಎದ್ದು ಹೋದವಳು ಅವಳೇ, ಮರಿಯ ಮನೆಯಲ್ಲೇ ಕೂತಿದ್ದಳು. ಯೋಹಾನ 11ನ್ನೂ ಓದಿಕೊಂಡು ಬನ್ನಿ.

ಈ ಸಲ ಟೀ, ಬಿಸ್ಕತ್ತು ಅಷ್ಟೇ, ಅದೂ ಪ್ರಾರ್ಥನೆ ಮುಗಿದ ಮೇಲೆ. ಟೀ ಫ್ಲಾಸ್ಕಿನಲ್ಲಿ ನಾನು ತರುತ್ತೇನೆ. ಲೋಟ ತೊಳೆಯುವುದು ಅಣ್ಣಂದಿರ ಪಾಲು (ತಮಾಷೆ ಅಲ್ಲ). ಪ್ರತಿ ಮನೆಯಿಂದ ಒಬ್ಬರು, ಈ ವಾರದ ಗಡಿಬಿಡಿಯಲ್ಲಿ ಆದ ಒಂದು ಜಗಳವನ್ನೋ ಒಂದು ಒಳ್ಳೆ ಗಳಿಗೆಯನ್ನೋ ಎರಡು ನಿಮಿಷ ಹೇಳಬೇಕು. ಜಾಸ್ತಿ ಬೇಡ. ಸತ್ಯವೇದ ಪುಸ್ತಕವನ್ನೇ ತನ್ನಿ; ಮೊಬೈಲಿನಲ್ಲಿ ಓದಿದರೆ ನಡುವೆ ಮೆಸೇಜ್ ಬಂದು ಕಣ್ಣು ಅತ್ತ ಹೋಗುತ್ತದೆ.

ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ ಗುರುವಾರ ರಾತ್ರಿ 9ರೊಳಗೆ ಇಲ್ಲೇ ತಿಳಿಸಿ. ಬರೀ ಹೆಬ್ಬೆರಳು ಒತ್ತಬೇಡಿ, ಸಂಖ್ಯೆ ಹಾಕಿ. ಮೆಟ್ಟಿಲು ಹತ್ತಲಾಗದ ಅಜ್ಜಿಯರಿದ್ದರೆ ಹೇಳಿ, ಕೆಳಗೆ ವರಾಂಡದಲ್ಲೇ ಕೂರೋಣ.