ನೀನು ಹತ್ತಿದ್ದ ರೋಲರ್ ಕೋಸ್ಟರ್ ಯಾವುದು?

ಪ್ರಿಯ ಗೆಳೆಯಾ,

1984ರ ಬೇಸಿಗೆಯಲ್ಲಿ ನೀನು ಅಪ್ಪ ಅಮ್ಮನೊಡನೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾಗ ಹತ್ತಿದ್ದ ರೋಲರ್ ಕೋಸ್ಟರ್ ಯಾವುದೆಂದು ನೀನು ನನ್ನನ್ನು ಕೇಳಿ ಬರೆದಿದ್ದೆ. ಕಡಲ ದಂಡೆ, ಬಿಳಿಯ ಮರದ ಚೌಕಟ್ಟು, ಹೊರಟೊಡನೆಯೇ ಕವಿದ ಕತ್ತಲೆ, ಪಕ್ಕದಲ್ಲೆಲ್ಲೋ ಜೋಕರನ ಬಾಯಿಗೆ ಬಳೆ ಎಸೆಯುತ್ತಿದ್ದ ಮಕ್ಕಳು, ಕೊನೆಗೆ ಲೋಕವೇ ತಲೆಕೆಳಗಾದ ಕ್ಷಣ: ಇಷ್ಟು ನಿನ್ನ ನೆನಪಿನಲ್ಲಿದೆ.

ಇಲ್ಲಿನ ಕಡಲತೀರದಲ್ಲಿ ಹಳೆಯ ಕಾಲದ ಮರದ ಕೋಸ್ಟರುಗಳು ಎರಡು ಉಳಿದಿವೆ, ಎರಡರ ಹೆಸರೂ ಜೈಂಟ್ ಡಿಪ್ಪರ್. ಸಾಂತಾ ಕ್ರೂಜ್‌ನದು 1924ರಲ್ಲಿ, ಸ್ಯಾನ್ ಡಿಯಾಗೊದ ಬೆಲ್ಮಾಂಟ್ ಪಾರ್ಕಿನದು 1925ರಲ್ಲಿ ಆರಂಭವಾದವು. ಎರಡರ ವಿನ್ಯಾಸದಲ್ಲೂ ಫ್ರೆಡರಿಕ್ ಚರ್ಚ್ ಅವರ ಕೈಯಿದೆ. ನೋಟದಲ್ಲಿ ಅವನ್ನು ಬೇರ್ಪಡಿಸುವುದು ಕಷ್ಟವಾದರೂ ಇಸವಿ ನಮ್ಮ ನೆರವಿಗೆ ಬರುತ್ತದೆ. ಸ್ಯಾನ್ ಡಿಯಾಗೊದ ಕೋಸ್ಟರ್ 1976ರಲ್ಲಿ ಮುಚ್ಚಿ, ಜೀರ್ಣೋದ್ಧಾರಗೊಂಡು ಮತ್ತೆ ಓಡತೊಡಗಿದ್ದು 1990ರಲ್ಲಿ. ನೀನು ಬಂದ ವರ್ಷ ಅದರಲ್ಲಿ ಯಾರೂ ಕೂರುವಂತಿರಲಿಲ್ಲ.

ಜೋಕರನ ಗುರುತಂತೂ ನನ್ನನ್ನು ನೇರವಾಗಿ ಸಾಂತಾ ಕ್ರೂಜ್‌ಗೇ ಕರೆದೊಯ್ಯಿತು. ಅಲ್ಲಿ ಚಾರ್ಲ್ಸ್ ಲೂಫ್ 1911ರಲ್ಲಿ ಕಟ್ಟಿದ, ಮರದ ಕುದುರೆಗಳ ಮೆರಿ-ಗೋ-ರೌಂಡ್ ಇದೆ. ಹೊರಸಾಲಿನ ಕುದುರೆಗಳ ಮೇಲೆ ಕೂತವರು ಸುತ್ತುತ್ತಲೇ ಕೈಚಾಚಿ ಲೋಹದ ಬಳೆಯೊಂದನ್ನು ಎಳೆದುಕೊಂಡು, ಗೋಡೆಯ ಮೇಲಿನ ದೊಡ್ಡ ಜೋಕರನ ತೆರೆದ ಬಾಯಿಗೆ ಗುರಿಯಿಟ್ಟು ಎಸೆಯುತ್ತಾರೆ. ಜೈಂಟ್ ಡಿಪ್ಪರನ್ನು ಕಟ್ಟಿದವರು ಇದೇ ಲೂಫ್ ಅವರ ಮಗ ಆರ್ಥರ್. ತಂದೆಯ ಕೆಲಸವೂ ಮಗನ ಕೆಲಸವೂ ನಿನ್ನ ನೆನಪಿನಲ್ಲಿ ಒಟ್ಟಿಗೇ ಉಳಿದಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ನೀನು ಹೇಳುವ ಕತ್ತಲೆಯೂ ಸರಿಹೊಂದುತ್ತದೆ: ಗಾಡಿ ನಿಲ್ದಾಣ ಬಿಟ್ಟೊಡನೆ ಸುರಂಗಕ್ಕಿಳಿದು, ತಿರುವುಗಳನ್ನು ದಾಟಿ, ಆಮೇಲಷ್ಟೇ 70 ಅಡಿಯ ಏರನ್ನು ಹತ್ತುತ್ತದೆ.

ಉಳಿದದ್ದು ತಲೆಕೆಳಗಾದ ಕ್ಷಣ. ಜೈಂಟ್ ಡಿಪ್ಪರಿನಲ್ಲಿ ಅಂಥ ಸುತ್ತೇ ಇಲ್ಲ. ಆದರೆ ಬೆಟ್ಟಸಾಲಿನ ಈಚೆಗೆ, ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕಾ ಎಂಬ ಮನರಂಜನಾ ಪಾರ್ಕಿನಲ್ಲಿ ಡೀಮನ್ ಎಂಬ ಉಕ್ಕಿನ ಕೋಸ್ಟರಿಗೆ 1980ರ ಹೊತ್ತಿಗೆ ಎರಡು ಲಂಬ ಸುತ್ತುಗಳೂ ತಿರುಪಿನಂತೆ ಹೊರಳುವ ಎರಡು ಸುರುಳಿಗಳೂ ಇದ್ದವು. ನಿನ್ನದು ಒಂದು ಸವಾರಿಯಲ್ಲ, ಎರಡು ಎಂಬುದೇ ನನ್ನ ತೀರ್ಮಾನ. ಎಂಟು ವರ್ಷದ ಹುಡುಗನ ಮನಸ್ಸಿನಲ್ಲಿ ಒಂದೇ ರಜೆಯ ಎರಡು ದಿನಗಳು ಬೆಸೆದುಕೊಂಡಿರುವುದು ಸಹಜ.

ನಿಮ್ಮ ಅಕ್ಕ ಆಗ ದೊಡ್ಡವರಿದ್ದರಲ್ಲ, ಅವರನ್ನೊಮ್ಮೆ ವಿಚಾರಿಸು. ತಲೆಕೆಳಗಾಗುವಾಗ ಭುಜದ ಮೇಲಿಂದ ಎದೆಗೆ ಒತ್ತಿ ಹಿಡಿಯುವ ಸರಳು ಇತ್ತೇ, ಅಲ್ಲಿಂದ ಕಡಲು ಕಾಣುತ್ತಿತ್ತೇ ಎಂದು ಕೇಳಿ ನನಗೆ ಬರೆ.

ನಿನ್ನ ಗೆಳೆಯ