ಅಭ್ಯಾಸ ಆಗ್ತಿದೆ ಅಂದೆಯಲ್ಲ

ಪ್ರೀತಿಯ ಪುಟ್ಟಾ, ಆಶೀರ್ವಾದಗಳು.

ನಿಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಸತ್ತ ನಿನ್ನ ಜೊತೆಗಾರನ ಮಿಷಿನ್ನಿಗೆ ಮೂರನೇ ದಿನಕ್ಕೇ ಹೊಸಬ ಬಂದು ನಿಂತ ಅಂತ ಬರೆದಿದ್ದೀಯ. ಅದಕ್ಕಿಂತ ನನ್ನನ್ನು ಕಲಕಿದ್ದು ಅದರ ಮುಂದಿನ ಮಾತು: "ಈಗೀಗ ಅಭ್ಯಾಸ ಆಗ್ತಿದೆ ದೊಡ್ಡಪ್ಪ." ಓದಿದಾಗಿನಿಂದ ಸರಿಯಾಗಿ ನಿದ್ದೆ ಹತ್ತಿಲ್ಲ.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನಲ್ಲಿದ್ದಾಗ, ಪೀಸು ಜಾಸ್ತಿ ಬೀಳಲಿ ಅಂತ, ಕೈ ಒಳಗೆ ಹೋಗದ ಹಾಗೆ ತಡೆಯುವ ಗಾರ್ಡ್ ಅನ್ನು ಮೇಲೆತ್ತಿ ತಂತಿಯಿಂದ ಬಿಗಿಯುತ್ತಿದ್ದೆವು. ಒಂದು ದಿನ ಪಕ್ಕದವನ ಮೂರು ಬೆರಳು ಹೋದವು. ತನಿಖೆಗೆ ಬಂದವರಿಗೆ ಆ ತಂತಿ ಕಾಣಲಿಲ್ಲ. ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದವನು ನಾನು. 'ಅವನದೇ ಅಜಾಗರೂಕತೆ' ಅಂತ ಬರೆದಿದ್ದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಅದೇ ತಂತಿ ಮತ್ತೆ ಕಟ್ಟಿದೆ. ನಾನು ಕೆಟ್ಟವನಾಗಿರಲಿಲ್ಲ ಪುಟ್ಟಾ. ನನಗೂ ಅಭ್ಯಾಸ ಆಗಿತ್ತು, ಅಷ್ಟೇ.

1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೊರಗೆ ಓಡೋಣ ಅಂದರೆ ಒಂದು ಬಾಗಿಲಿಗೆ ಬೀಗ. ಆ ಬೀಗವನ್ನು ಅದಕ್ಕೆ ಮುಂಚೆ ಎಷ್ಟು ಜನ ನೋಡಿಕೊಂಡು ಓಡಾಡಿದ್ದರೋ! ಅದನ್ನು ನೆನೆದಾಗೆಲ್ಲ ನನ್ನ ಜೇಬಿನ ತಂತಿ ನೆನಪಾಗುತ್ತದೆ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ, ಆದರೂ ಹೇಳ್ತೀನಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಅವನು ಸತ್ತ ದಿನ ಮಿಷಿನ್ ಹೇಗಿತ್ತು, ಏನು ಕೆಟ್ಟಿತ್ತು, ಯಾರಿಗೆ ಹೇಳಿದ್ದಿರಿ, ಎಲ್ಲ ತಾರೀಖು ಹಾಕಿ ನಿನ್ನದೇ ನೋಟ್‌ಬುಕ್ಕಿನಲ್ಲಿ ಬರೆದಿಡು. ನೆನಪು ಬೇಗ ಮಸುಕಾಗುತ್ತದೆ.

ಏಪ್ರಿಲ್ 28 ಕೆಲಸದಲ್ಲಿ ಸತ್ತವರನ್ನು, ಗಾಯಗೊಂಡವರನ್ನು ನೆನೆಯುವ ದಿನ. 1984ರಲ್ಲಿ ಕೆನಡಾದ ಕಾರ್ಮಿಕ ಸಂಘದವರು ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿ ಆಚರಿಸುತ್ತಾರೆ. ಅಪಘಾತ, ಕೆಲಸದಿಂದ ಬರುವ ಕಾಯಿಲೆ ಎರಡೂ ಸೇರಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು. ಅಷ್ಟು ದೊಡ್ಡ ಲೆಕ್ಕವೂ ಕೇಳಿ ಕೇಳಿ ಅಭ್ಯಾಸ ಆಗಿಬಿಡುತ್ತದೆ, ಅಲ್ವಾ? ಅದಕ್ಕೇ ನೀನು ಸತ್ತ ಆ ಜೊತೆಗಾರನೊಬ್ಬನನ್ನು ನೆನಪಿನಲ್ಲಿ ಹಿಡಿದಿಟ್ಟುಕೋ. ಏಪ್ರಿಲ್ 28ಕ್ಕೆ ಒಂದು ನಿಮಿಷ ಮಿಷಿನ್ ನಿಲ್ಲಿಸಿ ಅವನ ಹೆಸರು ಹೇಳೋಣ ಅಂತ ಜೊತೆಯವರನ್ನು ಕೇಳಿ ನೋಡು. ಒಪ್ಪದಿದ್ದರೆ ಜಗಳ ಬೇಡ.

ಬೆರಳು ಹೋದ ಗೆಳೆಯನ ಮನೆಗೆ ನಾನು ಒಮ್ಮೆಯೂ ಹೋಗಲಿಲ್ಲ. ನೀನು ಸತ್ತ ನಿನ್ನ ಜೊತೆಗಾರನ ಮನೆಗೆ ಹೋಗಿ ಬಾ. ಅಲ್ಲಿ ಏನು ಮಾತಾಡಬೇಕೋ ನನಗೂ ಗೊತ್ತಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಕೂತು ಬಾ. ಬಂದ ಮೇಲೆ ನನಗೆ ಬರೆ.

ನಿನ್ನ ದೊಡ್ಡಪ್ಪ