ಹೊಳೆಯ ಪರವಾಗಿ ಒಂದು ಪ್ರಮಾಣಪತ್ರ

ಮಾನ್ಯರೇ,

ಮಗನ ಮನೆಗೆಂದು ಕ್ಯಾಲಿಫೋರ್ನಿಯಾಗೆ ಹೋದಾಗ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲಮಿ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆ. ತಳದ ಒಂದೊಂದು ಕಲ್ಲನ್ನೂ ಎಣಿಸಬಹುದಿತ್ತು. ಈ ನೀರು ಹೆಚ್‌ಹೆಚಿ ಜಲಾಶಯ ಸೇರಿ, ಸೋಸದೆಯೇ, ಸೋಂಕು ನಿವಾರಣೆಯಷ್ಟೇ ಆಗಿ ಸ್ಯಾನ್ ಫ್ರಾನ್ಸಿಸ್ಕೊದ ನಲ್ಲಿಗಳಿಗೆ ಹೋಗುತ್ತದೆ. ಪ್ರವಾಸಿಗರ ಶೌಚಾಲಯಗಳ ಕೊಳಚೆ ಸಂಸ್ಕರಿಸುವ ಘಟಕ ಇರುವುದೂ ಆ ಜಲಾಶಯದ ಮೇಲ್ಭಾಗದ ಹುಲ್ಲುಗಾವಲಿನಲ್ಲೇ!

ಇಂಥ ಘಟಕದ ನವೀಕರಣಕ್ಕಾಗಿ ಹೊಳೆಯಲ್ಲಿ ಮಣ್ಣು ತುಂಬಬೇಕಾದರೆ ಅಲ್ಲಿ ಒಕ್ಕೂಟ ಸರ್ಕಾರದ ಅನುಮತಿ ಬೇಕು. 1972ರ ಶುದ್ಧ ಜಲ ಕಾಯ್ದೆಯ 401ನೇ ಸೆಕ್ಷನ್ ಪ್ರಕಾರ, ಅದಕ್ಕೂ ಮೊದಲು ನೀರಿನ ಗುಣಮಟ್ಟ ಕೆಡುವುದಿಲ್ಲವೆಂದು ಸಾಮಾನ್ಯವಾಗಿ ರಾಜ್ಯ ಪ್ರಮಾಣೀಕರಿಸಬೇಕು. ಯೊಸೆಮಿಟಿ ಪೂರ್ತಿಯಾಗಿ ಒಕ್ಕೂಟದ ಅಧಿಕಾರವ್ಯಾಪ್ತಿಯಲ್ಲೇ ಇರುವುದರಿಂದ ಅಲ್ಲಿ ಆ ಕೆಲಸ ಒಕ್ಕೂಟ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯದು; ಅದು ಷರತ್ತು ಹಾಕಬಹುದು, ನಿರಾಕರಿಸಲೂಬಹುದು. ಗೊತ್ತುಪಡಿಸಿದ ಅವಧಿಯೊಳಗೆ, ಹೆಚ್ಚೆಂದರೆ ಒಂದು ವರ್ಷದೊಳಗೆ, ತೀರ್ಮಾನಿಸದಿದ್ದರೆ ಆ ಹಕ್ಕು ಕೈತಪ್ಪುತ್ತದೆ. ಅರ್ಜಿಯ ವಿಷಯ ಜನರಿಗೂ ತಿಳಿಯಬೇಕು. ನನಗೆ ಬಹಳ ಹಿಡಿಸಿದ್ದು ಇದೇ.

ನಾಗರಹೊಳೆಯ ಅಂಚಿನ ಕಬಿನಿಯ ನೀರನ್ನು ಮೈಸೂರಿನವರಾದ ನಾವೂ ಕುಡಿಯುತ್ತೇವೆ. 1974ರ ಜಲ ಕಾಯ್ದೆಯಡಿ ಕೊಳಚೆ ಬಿಡಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲಿಯೂ ಕಡ್ಡಾಯ. ಹಿನ್ನೀರಿನ ದಡದ ಪ್ರತಿ ವಸತಿಗೃಹವೂ ತನ್ನ ಸಮ್ಮತಿಪತ್ರ ಮತ್ತು ಸಂಸ್ಕರಿಸಿದ ನೀರಿನ ಪರೀಕ್ಷಾ ವರದಿಯನ್ನು ಕನ್ನಡದಲ್ಲಿ ಬರೆಸಿ, ಬಾಗಿಲಲ್ಲೇ ತೂಗುಹಾಕುವಂತೆ ಸರ್ಕಾರ ಆದೇಶಿಸಲಿ.

– ಒಬ್ಬ ಓದುಗ, ಮೈಸೂರು